ವಿನೋದಯಾತ್ರೆ ಮತ್ತು ಮಿತವ್ಯಯ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದಿಸುವ ಕೆಲಸವನ್ನು ಶಾಲೆಯು ತನ್ನ ಶಕ್ತ್ಯನುಸಾರ ನಡೆಸಿಕೊಂಡು ಬರುತ್ತಿದೆ. ದೇಶ ಸುತ್ತಿಸುವ ಹೊಣೆ ಮಾತ್ರ ಬಹುಮಟ್ಟಿಗೆ ತಂದೆತಾಯಿಗಳ ಪಾಲಿಗೆ ಬಿದ್ದಿದೆ. ಮುಂಬಯಿಯಂಥ ಮಹಾನಗರದಲ್ಲಿ ಅದು ಹಗುರವಾದ ಹೊಣೆಯಲ್ಲ. ಮನೆಬಾಡಿಗೆ, ರೇಷನ್ನು, ಪುಸ್ತಕ, ಔಷಧ, ಊರಿನಲ್ಲಿರುವ ಹಿರಿಯರಿಗೆ ಕಳುಹಿಸುವ ಹಣ ಇವೆಲ್ಲ ಕಳೆದು ಮಿಕ್ಕುದರಲ್ಲಿಯೇ ಮಕ್ಕಳ ಸಂತೋಷವನ್ನೂ ಕೊಳ್ಳಬೇಕು. ಆದುದರಿಂದ ಆ ಸಂತೋಷವನ್ನು ಎಷ್ಟು ಬೆಲೆಗೆ ಕೊಳ್ಳುತ್ತೇವೆ, ಯಾರ ಪಾಲಿನಿಂದ ಕೊಳ್ಳುತ್ತೇವೆ ಎಂಬುದನ್ನು ವಿದ್ಯಾರ್ಥಿಗಳೂ ಅರಿತಿರುವುದು ಅಗತ್ಯವೆಂದು ನಮಗೆ ತೋರುತ್ತದೆ.

ದೀಪಾವಳಿಯ ರಜೆ ಮುಗಿದ ಮೇಲೆ ವಾಡಿಕೆಯಂತೆ ‘ನಾನು ರಜೆಯನ್ನು ಕಳೆದ ಬಗೆ’ ಎಂಬ ವಿಷಯವಾಗಿ ನಮ್ಮ ತರಗತಿಗಳಲ್ಲಿ ಪ್ರಬಂಧ ಬರೆಯಿಸಿದೆವು. ಹಲವರು ಖೋಪೋಲಿಯ ಬಳಿಯ ಇಮ್ಯಾಜಿಕಾ ಥೀಮ್ ಪಾರ್ಕಿಗೆ ಹೋಗಿ ಬಂದುದನ್ನು ಉತ್ಸಾಹದಿಂದ ವರ್ಣಿಸಿದ್ದರು. ಓದಿ ನಾವೂ ಸಂತೋಷಪಟ್ಟೆವು. ಆದರೆ ಒಂದು ಪ್ರಬಂಧದಲ್ಲಿದ್ದ ಒಂದು ವಾಕ್ಯ ನಮ್ಮನ್ನು ತಡೆದು ನಿಲ್ಲಿಸಿತು: “ಅಮ್ಮ ಬರಲಿಲ್ಲ, ಅವಳಿಗೆ ಇಂಥದೆಲ್ಲ ಇಷ್ಟವಿಲ್ಲವಂತೆ.” ಅದೇ ಪುಟದ ಕೆಳಭಾಗದಲ್ಲಿ, ಬಾಡಿಗೆಗೆ ತಂದ ಕಾರಿನ ಬಣ್ಣ, ಅದರ ತಂಪು, ದಾರಿಯಲ್ಲಿ ಎರಡು ಸಲ ನಿಂತು ತಿಂದ ತಿಂಡಿ ಇವುಗಳ ವಿವರವಿತ್ತು. ಮತ್ತೆ ಎರಡು ಮೂರು ಪ್ರಬಂಧಗಳನ್ನು ತೆರೆದು ನೋಡಿದೆವು. ಒಂದರಲ್ಲಿ ಅಜ್ಜಿ ಮನೆಯಲ್ಲಿ ಉಳಿದಿದ್ದರು; ಇನ್ನೊಂದರಲ್ಲಿ ಅಕ್ಕ ಉಳಿದಿದ್ದಳು. ಕಾರು ಮಾತ್ರ ಎಲ್ಲದರಲ್ಲಿಯೂ ಇತ್ತು.

ಇದರ ಅರ್ಥವೇನು? ಖರ್ಚು ಹೆಚ್ಚಾಗುವುದೆಂದು ಕಂಡಾಗ ನಮ್ಮ ಮನೆಗಳಲ್ಲಿ ಮೊದಲು ಕಡಿತವಾಗುವುದು ಒಬ್ಬರ ಟಿಕೇಟು. ಅದೂ ಯಾರು ಬಾಯಿಬಿಟ್ಟು ಕೇಳುವುದಿಲ್ಲವೋ ಅವರ ಟಿಕೇಟು. ನಾವು ಇದನ್ನು ಮಿತವ್ಯಯವೆಂದು ಒಪ್ಪಲಾರೆವು. ಉಳಿತಾಯ ಮಾಡಬೇಕಾದುದು ಪ್ರಯಾಣದ ಖರ್ಚಿನಲ್ಲಿಯೇ ಹೊರತು ಪ್ರಯಾಣಿಕರ ಸಂಖ್ಯೆಯಲ್ಲಲ್ಲ. ಈ ಮಾತನ್ನು ಲೆಕ್ಕದ ಸಹಿತ ವಿವರಿಸುವುದೇ ಈ ಲೇಖನದ ಉದ್ದೇಶ.

ಮನೋರಂಜನೆಗಾಗಿಯೇ ಒಂದು ಊರನ್ನು ಕಟ್ಟಿದಂತೆ ಉದ್ಯಾನವನ್ನು ಕಟ್ಟುವ ಪದ್ಧತಿಗೆ ಅಮೆರಿಕದಲ್ಲಿ ವಾಲ್ಟ್ ಡಿಸ್ನಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡು ದೊಡ್ಡ ಮಾದರಿಯಾಯಿತು. ನಮ್ಮ ಮುಂಬಯಿಯಲ್ಲಿ ಗೊರಾಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿ ಆರಂಭವಾಯಿತು. ಇಂದು ಅದು ಬಾಗಿಲು ಮುಚ್ಚಿದೆ. ಆದರೆ ನಿಮ್ಮ ತಂದೆತಾಯಿಗಳನ್ನು ಕೇಳಿ ನೋಡಿ: ಅಲ್ಲಿಯ ಆಟಗಳಷ್ಟೇ ಚೆನ್ನಾಗಿ, ಖಾಡಿಯನ್ನು ದಾಟಿಸಿದ ದೋಣಿಯೂ ಅವರ ನೆನಪಿನಲ್ಲಿದ್ದೀತು. ಸಾಗಿದ ದಾರಿಯೂ ಸಂತೋಷದ ಒಂದು ಭಾಗವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಮ್ಯಾಜಿಕಾ 2013ರಲ್ಲಿ ತೆರೆಯಿತು. ಅದು ಇರುವುದು ರಾಯಗಡ ಜಿಲ್ಲೆಯಲ್ಲಿ, ಖೋಪೋಲಿಯಿಂದ ಪಾಲಿಗೆ ಹೋಗುವ ರಸ್ತೆಯ ಮೇಲೆ.

ಇಂಥ ಯಾತ್ರೆಯ ಖರ್ಚಿನಲ್ಲಿ ಮೂರು ಭಾಗಗಳಿವೆ: ಪ್ರವೇಶದ ಟಿಕೇಟು, ಊಟ-ತಿಂಡಿ, ಪ್ರಯಾಣ. ಪ್ರವೇಶದ ದರವನ್ನು ನಿರ್ಧರಿಸುವವರು ಉದ್ಯಾನದ ಮಾಲೀಕರು. ದಿನ ಆರಿಸಿಕೊಳ್ಳುವ ಮಟ್ಟಿಗೆ ಮಾತ್ರ ಅದು ನಮ್ಮ ಕೈಯಲ್ಲಿದೆ. ಹೊರಗಿನ ಆಹಾರವನ್ನು ಒಳಗೆ ಬಿಡದಿರುವುದು ಇಂಥ ಕಡೆಗಳ ಸಾಮಾನ್ಯ ನಿಯಮವಾದುದರಿಂದ ಊಟದ ಖರ್ಚೂ ಅರ್ಧ ಅವರ ಕೈಯಲ್ಲಿಯೇ ಇದೆ. ಪ್ರಯಾಣವೊಂದೇ ಪೂರ್ಣವಾಗಿ ನಮ್ಮ ಕೈಯಲ್ಲಿರುವುದು. ವಿಚಿತ್ರವೆಂದರೆ, ನಾವು ವಿಚಾರ ಮಾಡದೆ ಹಣ ಚೆಲ್ಲುವುದೂ ಅಲ್ಲಿಯೇ.

ಮುಂಬಯಿಯವರಿಗೆ ಲೋಕಲ್ ಗಾಡಿ ಎಂಬ ಭಾಗ್ಯವಿದೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಖೋಪೋಲಿಗೆ ನೇರವಾಗಿ ಹೋಗುವ ಗಾಡಿಗಳು ಕೆಲವೇ ಇವೆ; ಉಳಿದ ವೇಳೆಯಲ್ಲಿ ಕರ್ಜತ್ತಿನಲ್ಲಿ ಇಳಿದು ಗಾಡಿ ಬದಲಾಯಿಸಬೇಕು. ಎರಡನೆಯ ದರ್ಜೆಯ ಟಿಕೇಟು ಒಬ್ಬರಿಗೆ ಐವತ್ತು ರೂಪಾಯಿಯ ಒಳಗೇ ಆಗುತ್ತದೆ. ಐದು ವರ್ಷದೊಳಗಿನ ಮಗುವಿಗೆ ಟಿಕೇಟಿಲ್ಲ. ಐದರಿಂದ ಹನ್ನೆರಡರವರೆಗೆ ಅರ್ಧ ಟಿಕೇಟು. ಈಗ ಅಪ್ಪ, ಅಮ್ಮ, ಅಜ್ಜಿ, ಹದಿನಾಲ್ಕು ವರ್ಷದ ಅಣ್ಣ, ಹತ್ತು ವರ್ಷದ ತಂಗಿ ಹೀಗೆ ಐವರ ಕುಟುಂಬವೊಂದನ್ನು ತೆಗೆದುಕೊಳ್ಳಿ. ನಾಲ್ಕೂವರೆ ಟಿಕೇಟು, ಒಂದಕ್ಕೆ ಐವತ್ತೇ ಎಂದು ಹಿಡಿದರೂ ಹೋಗಲು ಇನ್ನೂರ ಇಪ್ಪತ್ತೈದು, ಬರಲು ಅಷ್ಟೇ, ಒಟ್ಟು ನಾನೂರ ಐವತ್ತು ರೂಪಾಯಿ ಮೀರದು. ಖೋಪೋಲಿ ನಿಲ್ದಾಣದಿಂದ ಉದ್ಯಾನಕ್ಕೆ ಸುಮಾರು ಹತ್ತು-ಹನ್ನೆರಡು ಕಿಲೋಮೀಟರು. ಅದಕ್ಕೆ ರಿಕ್ಷಾ ಅಥವಾ ಪಾಲಿಯ ಕಡೆಗೆ ಹೋಗುವ ಎಸ್.ಟಿ. ಬಸ್ಸಿನ ಖರ್ಚನ್ನು ಸೇರಿಸಿಕೊಳ್ಳಬೇಕು. ದಿನದ ಮಟ್ಟಿಗೆ ಕಾರು ಬಾಡಿಗೆಗೆ ತಂದರೆ ಬಾಡಿಗೆ, ಹೆದ್ದಾರಿಯ ಟೋಲು, ನಿಲುಗಡೆಯ ಶುಲ್ಕ, ಚಾಲಕನ ಭತ್ಯೆ ಸೇರಿ ಲೆಕ್ಕ ಸಾವಿರಗಳಲ್ಲಿಯೇ ನಡೆಯುತ್ತದೆ. ಈ ಎರಡರ ಅಂತರವನ್ನು ನೀವೇ ಕಳೆದು ನೋಡಿರಿ. ಮನೆಯಲ್ಲಿ ಉಳಿದ ಅಮ್ಮನ ಪ್ರವೇಶದ ಟಿಕೇಟು ಆ ಅಂತರದೊಳಗೇ ಅಡಗಿದೆ.

ದಿನವನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಭಾನುವಾರ ಎಲ್ಲರಿಗೂ ರಜೆ. ಆದ ಕಾರಣ ಉದ್ಯಾನದಲ್ಲಿಯೂ ಜನಜಂಗುಳಿ. ಅಲ್ಲದೆ ಭಾನುವಾರಗಳಂದು ರೈಲ್ವೆಯವರ ಮೆಗಾಬ್ಲಾಕಿನ ತೊಂದರೆಯನ್ನು ಮುಂಬಯಿಯ ಮಕ್ಕಳಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಶಾಲೆಯ ರಜೆಯಲ್ಲಿ ವಾರದ ನಡುವಿನ ಒಂದು ದಿನವನ್ನು ಆರಿಸಿ, ತಂದೆಯವರು ಆ ದಿನ ರಜೆ ಹಾಕುವಂತಿದ್ದರೆ, ಬೆಳಗಿನ ಹೊತ್ತು ಕೆಲಸಗಾರರ ದಟ್ಟಣೆ ನಗರದ ಕಡೆಗೆ ನುಗ್ಗುತ್ತಿರುವಾಗ ನೀವು ಅದಕ್ಕೆ ಎದುರು ದಿಕ್ಕಿನಲ್ಲಿ ಕುಳಿತು ಸಾಗಬಹುದು. ಮರಳುವ ಗಾಡಿಗಳ ವೇಳೆಯನ್ನು ಮಾತ್ರ ಮೊದಲೇ ಬರೆದುಕೊಂಡಿರಬೇಕು. ಖೋಪೋಲಿಯ ಗಾಡಿಗಳು ಅಂಧೇರಿಯ ಗಾಡಿಗಳಂತೆ ಒಂದರ ಹಿಂದೊಂದು ಬರುವುದಿಲ್ಲ. ಒಂದು ಗಾಡಿ ತಪ್ಪಿದವರು ಅವಸರದಲ್ಲಿ ಟ್ಯಾಕ್ಸಿ ಹಿಡಿದು, ದಿನವಿಡೀ ಉಳಿಸಿದುದನ್ನು ಒಂದೇ ಗಳಿಗೆಯಲ್ಲಿ ಕಳೆದುಕೊಳ್ಳುತ್ತಾರೆ.

ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿಯನ್ನೋ ಅವಲಕ್ಕಿಯನ್ನೋ ಗಾಡಿಯಲ್ಲಿಯೇ ತಿಂದು ಮುಗಿಸಿದರೆ ಒಳಗೆ ಒಂದೇ ಹೊತ್ತಿನ ಊಟಕ್ಕೆ ಹಣ ತೆತ್ತರೆ ಸಾಕು. ಆದರೆ ಹಿಂದಿನ ರಾತ್ರಿ ಆ ಚಪಾತಿಯನ್ನು ಲಟ್ಟಿಸುವ ಕೆಲಸದಲ್ಲಿ ಅಣ್ಣ-ತಂಗಿಯರ ಕೈಯೂ ಸೇರಲಿ. ಇಲ್ಲವಾದರೆ ಮನೆಯವರಿಗೆಲ್ಲ ಆದ ಉಳಿತಾಯದ ಶ್ರಮವೆಲ್ಲ ಒಬ್ಬರ ತಲೆಯ ಮೇಲೆಯೇ ಬೀಳುತ್ತದೆ.

ಲೋಕಲ್ಲಿನಲ್ಲಿ ಹೋಗುವವನಿಗೆ ಹಣದ ಜೊತೆಗೆ ಇನ್ನೊಂದು ಲಾಭವೂ ಇದೆ. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಯವರೆಗೆ ಓಡಿದ ರೈಲಿನ ವಿಷಯವನ್ನು ನೀವೆಲ್ಲ ಪಾಠದಲ್ಲಿ ಓದಿರುವಿರಿ. ಆ ಹಳಿ 1856ರಲ್ಲಿ ಖೋಪೋಲಿಯವರೆಗೆ ಬಂದು, ಘಟ್ಟದ ಬುಡದಲ್ಲಿ ನಿಂತುಬಿಟ್ಟಿತು. ಭೋರ್ ಘಟ್ಟದ ಹಳಿ 1863ರಲ್ಲಿ ಸಿದ್ಧವಾಗುವವರೆಗೆ ಪುಣೆಗೆ ಹೋಗುವವರು ಖೋಪೋಲಿಯಲ್ಲಿ ಇಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಘಟ್ಟ ಹತ್ತಿ, ಖಂಡಾಲದಲ್ಲಿ ಮತ್ತೆ ಗಾಡಿ ಹಿಡಿಯಬೇಕಾಗಿತ್ತು. ಅದೇ ಖೋಪೋಲಿಯಲ್ಲಿ 1915ರಲ್ಲಿ ಟಾಟಾ ಸಂಸ್ಥೆಯ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಲೋಣಾವಳದ ಕಡೆಯ ಕೆರೆಗಳ ನೀರು ಕೊಳವೆಗಳಲ್ಲಿ ಘಟ್ಟವಿಳಿದು ಬಂದು, ಯಂತ್ರವನ್ನು ತಿರುಗಿಸಿ, ಮುಂಬಯಿಯ ಗಿರಣಿಗಳನ್ನು ನಡೆಸಿತು. ಇಮ್ಯಾಜಿಕಾದಲ್ಲಿ ‘ನೈಟ್ರೋ’ ಎಂಬ ರೋಲರ್ ಕೋಸ್ಟರಿನ ಬಂಡಿಯನ್ನು ಮೊದಲು ಎತ್ತರಕ್ಕೆ ಎಳೆದೊಯ್ದು ಅಲ್ಲಿಂದ ಇಳಿಯಬಿಡುತ್ತಾರಷ್ಟೆ. ಆ ಬಂಡಿಗೆ ವೇಗ ಕೊಡುವುದೂ, ಘಟ್ಟವಿಳಿದ ನೀರಿಗೆ ಯಂತ್ರ ತಿರುಗಿಸುವ ಬಲ ಕೊಡುವುದೂ ಒಂದೇ ನಿಯಮ. ಇದನ್ನು ಬಲ್ಲ ವಿದ್ಯಾರ್ಥಿಗೆ ಒಂದು ಟಿಕೇಟಿನಲ್ಲಿ ಎರಡು ಪಾಠಗಳಾದುವು.

ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವವರು ಬಹಳ ಮಂದಿ. ಅವರಿಗೆ ಇನ್ನೂ ಸುಲಭವಾದ ಮಾರ್ಗವಿದೆ. ಊರಿಗೆ ಒಂದು ಪ್ರಯಾಣ, ವಿನೋದಕ್ಕೆ ಇನ್ನೊಂದು ಪ್ರಯಾಣ ಎಂದು ಎರಡು ಖರ್ಚು ಮಾಡುವುದರ ಬದಲು ಎರಡನ್ನೂ ಜೋಡಿಸಿಕೊಳ್ಳಬಹುದು. ಬೆಂಗಳೂರು-ಮೈಸೂರು ಮಾರ್ಗದಲ್ಲಿ ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಉದ್ಯಾನವಿದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಬಂಧುಗಳ ಮನೆಗೆ ತೆರಳುವವರು ಮಧ್ಯೆ ಒಂದು ದಿನವನ್ನು ಇದಕ್ಕೆ ತೆಗೆದಿಟ್ಟರೆ, ಹೆಚ್ಚಿನ ಖರ್ಚು ಬೆಂಗಳೂರಿನಿಂದ ಬಿಡದಿಯವರೆಗಿನದು ಮಾತ್ರ. ಬಿಡದಿಯಲ್ಲಿ ರೈಲು ನಿಲ್ದಾಣವಿದೆ. ನಗರದಿಂದ ಬಸ್ಸುಗಳೂ ಇವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿ ನೂರ ಇಪ್ಪತ್ತು ದಿನಗಳಿಂದ ಅರವತ್ತು ದಿನಗಳಿಗೆ ಇಳಿದಿದೆ. ಮೇ ತಿಂಗಳಲ್ಲಿ ಹೊರಡುವವರು ಮಾರ್ಚಿನಲ್ಲಿ, ಎಂದರೆ ಪರೀಕ್ಷೆಯ ಗಡಿಬಿಡಿಯಲ್ಲಿಯೇ, ಆ ದಿನವನ್ನು ನೆನಪಿಟ್ಟುಕೊಂಡಿರಬೇಕು. ಮರೆತವರು ತತ್ಕಾಲದ ಹೆಚ್ಚಿನ ದರವನ್ನೋ ಖಾಸಗಿ ಬಸ್ಸಿನ ಹಬ್ಬದ ದರವನ್ನೋ ತೆರಬೇಕಾಗುತ್ತದೆ. ಐದರಿಂದ ಹನ್ನೆರಡು ವರ್ಷದ ಮಗುವಿಗೆ ಪ್ರತ್ಯೇಕ ಬರ್ತು ಬೇಕೆಂದರೆ ಪೂರ್ಣ ದರ, ಬೇಡವೆಂದರೆ ಅರ್ಧ ದರ ಎಂಬ ನಿಯಮ 2016ರಿಂದ ಇದೆ. ತಂದೆತಾಯಿಗಳ ಮಗ್ಗುಲಲ್ಲಿ ಮಲಗಬಲ್ಲ ಪುಟ್ಟ ತಮ್ಮನಿಗೆ ಇದನ್ನು ಆಲೋಚಿಸಬಹುದು.

ಉಳಿತಾಯದ ಹೆಸರಿನಲ್ಲಿ ಮಾಡಬಾರದ ಕೆಲಸಗಳೂ ಇವೆ. ಟಿಕೇಟಿಲ್ಲದೆ ಪ್ರಯಾಣ ಮಾಡುವುದು ಮಿತವ್ಯಯವಲ್ಲ, ಕಳವು. ಸಿಕ್ಕಿಬಿದ್ದರೆ ಪ್ರಯಾಣದರದ ಜೊತೆಗೆ ಕನಿಷ್ಠ ಇನ್ನೂರ ಐವತ್ತು ರೂಪಾಯಿ ದಂಡ ತೆರಬೇಕೆಂಬುದು ಎರಡನೆಯ ಮಾತು. ಸಿಕ್ಕಿಬೀಳದಿದ್ದರೂ ಅದು ಕಳವೇ. ತಂದೆಯವರ ಪಾಸು ದಾದರಿನವರೆಗೆ ಇದ್ದರೆ ಅದು ಖೋಪೋಲಿಗೆ ನಡೆಯುವುದಿಲ್ಲವೆಂಬುದನ್ನೂ ನೆನಪಿಡಬೇಕು. ಇನ್ನು, “ಕೇಳಿದರೆ ನಾಲ್ಕು ವರ್ಷವೆಂದು ಹೇಳು” ಎಂದು ಆರು ವರ್ಷದ ಮಗುವಿಗೆ ಪಿಸುಗುಟ್ಟುವ ಹಿರಿಯರನ್ನು ನಾವು ಕಂಡಿದ್ದೇವೆ. ಕೆಲವು ರೂಪಾಯಿಗಳಿಗಾಗಿ ಮಗುವಿಗೆ ಸುಳ್ಳನ್ನು ಕಲಿಸುವುದು ಬಹು ದುಬಾರಿಯ ವ್ಯಾಪಾರ. ಹಾಗೆಯೇ ಸಾಲ ಮಾಡಿ ವಿನೋದಕ್ಕೆ ಹೋಗುವುದೂ ಸಲ್ಲದು. ಆಟ ಒಂದು ದಿನದಲ್ಲಿ ಮುಗಿಯುತ್ತದೆ. ಕಂತು ತಿಂಗಳುಗಟ್ಟಲೆ ಮನೆಯ ಬಾಗಿಲು ತಟ್ಟುತ್ತದೆ.

ಕಾರು ಎಂದೆಂದಿಗೂ ಕೂಡದೆಂದು ನಾವು ಹೇಳುವುದಿಲ್ಲ. ಹಸುಗೂಸು ಇರುವವರು, ಮೆಟ್ಟಿಲು ಹತ್ತಲಾರದ ವೃದ್ಧರಿರುವವರು ವಾಹನವನ್ನು ಹಿಡಿಯುವುದೇ ಸರಿ. ಅಂಥವರು ಪಕ್ಕದ ಮನೆಯವರೊಡನೆ ಕೂಡಿ ದೊಡ್ಡ ವಾಹನವನ್ನು ಗೊತ್ತುಮಾಡಿದರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಉದ್ಯಾನದವರೇ ನಗರದಿಂದ ಬಸ್ಸು ಬಿಡುವುದುಂಟು, ಅದನ್ನೂ ವಿಚಾರಿಸಬಹುದು. ಮಳೆಗಾಲದ ದಿನಗಳಲ್ಲಿ ಹಳಿಯ ಮೇಲೆ ನೀರು ನಿಲ್ಲುವ ಭಯವೂ ಉಂಟು. ಎಲ್ಲಿ ಖರ್ಚು ಅವಶ್ಯವೋ ಅಲ್ಲಿ ಖರ್ಚು ಮಾಡುವುದೂ ಮಿತವ್ಯಯವೇ. ನಾವು ಬೇಡವೆನ್ನುವುದು ನೆರೆಮನೆಯವರು ಕಾರಿನಲ್ಲಿ ಹೋದರೆಂಬ ಒಂದೇ ಕಾರಣದಿಂದ ನಾವೂ ಕಾರಿನಲ್ಲಿ ಹೋಗುವುದನ್ನು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಲೆಕ್ಕವನ್ನು ಹಿರಿಯರಿಗೇ ಬಿಡಬೇಡಿರಿ. ನಿಮ್ಮಲ್ಲಿ ಪ್ರತಿಯೊಬ್ಬರಿಗೂ ತ್ರೈರಾಶಿ ಬರುತ್ತದೆ, ಹಲವರಿಗೆ ಮೊಬೈಲಿನಲ್ಲಿ ರೈಲಿನ ವೇಳಾಪಟ್ಟಿಯನ್ನು ನೋಡಲು ಅಪ್ಪನಿಗಿಂತ ಚೆನ್ನಾಗಿ ಬರುತ್ತದೆ. ಮುಂದಿನ ಸಲ ಮನೆಯಲ್ಲಿ ಪ್ರವಾಸದ ಮಾತು ಬಂದಾಗ ಒಂದು ಹಾಳೆಯನ್ನು ತೆಗೆದುಕೊಳ್ಳಿರಿ. ಮೊದಲು ಮನೆಯ ಎಲ್ಲರ ಹೆಸರುಗಳನ್ನೂ ಬರೆಯಿರಿ. ಅಮ್ಮನ ಹೆಸರನ್ನು ಎಲ್ಲಕ್ಕೂ ಮೇಲೆ ಬರೆಯಿರಿ. ಅನಂತರ ದಿನ, ಗಾಡಿ, ಟಿಕೇಟು, ಬುತ್ತಿ, ಮರಳುವ ವೇಳೆ ಇವನ್ನೆಲ್ಲ ಒಂದೊಂದಾಗಿ ತುಂಬಿರಿ. ಮೊತ್ತ ಶಕ್ತಿಯನ್ನು ಮೀರಿದರೆ ಹಾಳೆಯ ಕೆಳಭಾಗದಲ್ಲಿ ಹೊಡೆದುಹಾಕಬಹುದಾದುದನ್ನು ಹುಡುಕಿರಿ. ಮೇಲಿನ ಹೆಸರುಗಳಿಗೆ ಕೈಹಚ್ಚಬೇಡಿರಿ. ಆಗಲೂ ಸಾಲದಿದ್ದರೆ ಪ್ರವಾಸವನ್ನು ಮುಂದಿನ ರಜೆಗೆ ಹಾಕಿ, ಅಲ್ಲಿಯವರೆಗೆ ಒಂದು ಡಬ್ಬಿಯಲ್ಲಿ ಹಣ ಕೂಡಿಡಿರಿ. ಹನಿ ಹನಿ ಕೂಡಿದರೆ ಹಳ್ಳ.

ಅಮ್ಮನಿಗೆ ಇಂಥದೆಲ್ಲ ಇಷ್ಟವಿಲ್ಲವೆಂದು ಬರೆದ ಬಾಲಕನಿಗೆ ನಾವು ಹತ್ತಕ್ಕೆ ಏಳು ಅಂಕ ಕೊಟ್ಟೆವು; ಅವನ ಭಾಷೆ ಶುದ್ಧವಾಗಿತ್ತು. ಆದರೆ ಆ ವಾಕ್ಯದ ಬದಿಯಲ್ಲಿ “ಅಮ್ಮನನ್ನು ಕೇಳಿದೆಯಾ?” ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ. ಮುಂದಿನ ವರ್ಷ ಇದೇ ವಿಷಯವಾಗಿ ಮತ್ತೆ ಪ್ರಬಂಧ ಬರೆಯಿಸಲಿದ್ದೇವೆ. ಆಗ ನಮಗೆ ಉತ್ತರ ದೊರೆಯುವುದೆಂದು ನಂಬಿದ್ದೇವೆ.