ಕೊಳಗ ಯಾರ ಕೈಯಲ್ಲಿದೆ?

ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯ ಹೆಸರನ್ನು ನಮ್ಮ ಓದುಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕಾಗಿ? ಭೂಮಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಜಗಳ ಮೊದಲು ಹತ್ತಿಕೊಂಡದ್ದು ಒಂದು ಕೊಳಗದ ಮೇಲೆ. ಗೇಣಿಯ ಬತ್ತವನ್ನು ಅಳೆದುಕೊಳ್ಳಲು ಒಡೆಯರು ಇಟ್ಟಿದ್ದ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಇಷ್ಟು ಕೊಳಗ ಎಂದು ಬರೆದಿದೆ, ಇಷ್ಟು ಕೊಳಗ ಅಳೆದಿದೆ. ಎಣಿಕೆಯಲ್ಲಿ ಮೋಸವೇ ಇಲ್ಲ. ಮೋಸವಿದ್ದದ್ದು ಕೊಳಗದ ಹೊಟ್ಟೆಯಲ್ಲಿ!

ಆ ಹೋರಾಟಕ್ಕೆ ಸಮಾಜವಾದಿಗಳು ಹೆಗಲು ಕೊಟ್ಟರು. ಡಾ. ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆಗೆ ಆರಿಸಿ ಹೋದರು. ಉಳುವವನೇ ಹೊಲದೊಡೆಯ ಎಂಬ ಮಾತು 1974ರಲ್ಲಿ ಕಾನೂನಿನ ಬಲ ಪಡೆಯಿತು. ಹಾಗಾದರೆ ಆ ಕೊಳಗದ ಕಥೆ ಮುಗಿಯಿತೆ? ಇಲ್ಲ ಎನ್ನುತ್ತೇವೆ ನಾವು. ಕೊಳಗ ಒಡೆಯರ ಅಂಗಳದಿಂದ ಎದ್ದು ದೆಹಲಿಗೂ ಬೆಂಗಳೂರಿಗೂ ಹೋಗಿ ಕೂತಿದೆ. ಈಗ ಅದು ಕಣ್ಣಿಗೆ ಕಾಣುವುದಿಲ್ಲ. ಕಂಪ್ಯೂಟರಿನ ಒಳಗೆ, ವರದಿಗಳ ಸಣ್ಣಕ್ಷರದ ಟಿಪ್ಪಣಿಗಳಲ್ಲಿ ಅಡಗಿದೆ.

ನಾವು ಅರ್ಥಶಾಸ್ತ್ರದ ದೊಡ್ಡ ಪದವಿ ಓದಿದವರಲ್ಲ. ಆದರೆ ಅಂಕಿಗಳಿಂದ ಹೇಗೆ ಕಣ್ಣು ಕಟ್ಟಬಹುದು ಎಂಬುದನ್ನು ನಾವು ನಮ್ಮ ಕೈಯಾರೆ ಮಾಡಿ ಕಲಿತವರು. ಪಕ್ಷದ ಕೆಲಸಕ್ಕೆ ಬರುವ ಮುಂಚೆ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದೆವು. ಆ ಶಾಲೆಗೆ ಹತ್ತನೆಯ ತರಗತಿಯಲ್ಲಿ ಶೇಕಡಾ ನೂರು ಫಲಿತಾಂಶ ಬೇಕಾಗಿತ್ತು. ಹೇಗೆ ತರುವುದು? ಹೆಚ್ಚು ಹೊತ್ತು ಪಾಠ ಮಾಡುವುದು ಒಂದು ದಾರಿ. ಇನ್ನೊಂದು ದಾರಿ ಸುಲಭ. ದಡ್ಡರೆಂದು ಕಂಡ ಐದು ಮಕ್ಕಳನ್ನು ಪರೀಕ್ಷೆಗೇ ಕೂರಿಸಲಿಲ್ಲ. ನಮ್ಮ ಅಕ್ಷರ ಚೆನ್ನಾಗಿತ್ತೆಂದು ಆ ಯಾದಿಯನ್ನು ನಮ್ಮ ಕೈಯಿಂದಲೇ ಬರೆಸಿದರು, ನಾವೂ ಬರೆದೆವು. ಫಲಿತಾಂಶ ನೂರಕ್ಕೆ ನೂರು ಬಂತು, ಬಾಗಿಲಿಗೆ ತೋರಣ ಕಟ್ಟಿದರು. ಆ ಐವರಲ್ಲಿ ಒಬ್ಬ ಹುಡುಗ ಮುಂದೆ ಹೋಟೆಲಿನಲ್ಲಿ ಲೋಟ ತೊಳೆಯುತ್ತ ನಮಗೆ ಸಿಕ್ಕಿದ. ‘ನಮಸ್ಕಾರ ಸಾರ್’ ಎಂದು ಒದ್ದೆ ಕೈ ಮುಗಿದ. ಶೇಕಡಾ ನೂರು ಎಂಬ ಅಂಕಿಯನ್ನು ಕಂಡರೆ ನಮಗೆ ಇಂದಿಗೂ ಆ ಒದ್ದೆ ಕೈಗಳು ನೆನಪಾಗುತ್ತವೆ. ಅಂಕಿಯಲ್ಲಿ ಸುಳ್ಳಿರಲಿಲ್ಲ. ಲೆಕ್ಕದಿಂದ ಯಾರನ್ನು ಹೊರಗಿಟ್ಟೆವು ಎಂಬುದನ್ನು ಮಾತ್ರ ನಾವು ಯಾರಿಗೂ ಹೇಳಲಿಲ್ಲ.

ಈಗ ದೇಶದ ಫಲಿತಾಂಶ ಪಟ್ಟಿಯನ್ನು ನೋಡೋಣ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ದಾಟಿದವರಲ್ಲಿ ನಿರುದ್ಯೋಗವು 2017-18ರಲ್ಲಿ ಶೇ. 6 ಇದ್ದದ್ದು 2023-24ರಲ್ಲಿ ಶೇ. 3.2ಕ್ಕೆ ಇಳಿಯಿತು. ಅರ್ಧದಷ್ಟು ನಿರುದ್ಯೋಗ ಮಾಯ! ಮಂತ್ರಿಗಳು ಇದನ್ನು ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗಿದರು. ಆದರೆ ಅದೇ ವರದಿಯ ಒಳಪುಟಗಳನ್ನು ತಿರುಗಿಸಿ ನೋಡಿ. ಕ್ರಮವಾದ ಸಂಬಳದ ಕೆಲಸದಲ್ಲಿದ್ದವರ ಪಾಲು ಈ ಅವಧಿಯಲ್ಲಿ ಏರಿತೆ? ಶೇ. 22.8 ಇದ್ದದ್ದು 21.7ಕ್ಕೆ ಇಳಿಯಿತು. ಹಾಗಾದರೆ ಏರಿದ್ದು ಯಾವುದು? ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ನೆರವಾಗುವವರ ಪಾಲು. ಅದು ಶೇ. 13.6ರಿಂದ 19.4ಕ್ಕೆ ಏರಿತು. ಬಿಡಿಗಾಸೂ ಕೈಗೆ ಸಿಗದೆ ದುಡಿಯುವವರನ್ನು ಉದ್ಯೋಗಸ್ಥರೆಂದು ಬರೆದುಕೊಂಡು, ನೋಡಿ ನಿರುದ್ಯೋಗ ಇಳಿಯಿತು ಎನ್ನುವುದು ಯಾವ ನ್ಯಾಯ?

ಸಂಗಾತಿಗಳೇ, ನಮ್ಮ ಗಿರಣಿಗಳ ಕಡೆಯಿಂದಲೇ ಉದಾಹರಣೆ ತೆಗೆದುಕೊಳ್ಳಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ಪಾಳಿಯ ಕೆಲಸ, ಭವಿಷ್ಯನಿಧಿ, ಬೋನಸ್ಸು ಎಲ್ಲವೂ ಇದ್ದ ಕಾರ್ಮಿಕ ಬೀದಿಗೆ ಬಿದ್ದ. ಅವನು ಏನು ಮಾಡಬೇಕು? ಗಾಡಿಯೊಂದನ್ನು ಹೊಂದಿಸಿಕೊಂಡು ಮಂಡಕ್ಕಿ-ಮೆಣಸಿನಕಾಯಿ ವ್ಯಾಪಾರ ಶುರುಮಾಡುತ್ತಾನೆ. ಹೆಂಡತಿ ಈರುಳ್ಳಿ ಹೆಚ್ಚುತ್ತಾಳೆ, ಹಿಟ್ಟು ಕಲಸುತ್ತಾಳೆ. ಶಾಲೆ ಮುಗಿಸಿ ಕೆಲಸ ಸಿಗದ ಮಗ ತಟ್ಟೆ ಎತ್ತುತ್ತಾನೆ. ಮುಂಚೆ ಒಂದು ಸಂಬಳದಲ್ಲಿ ನಡೆಯುತ್ತಿದ್ದ ಮನೆ ಈಗ ಮೂವರು ದುಡಿದರೂ ನಡೆಯದು. ಸರ್ಕಾರದ ಕಾಗದದಲ್ಲಿ ಮಾತ್ರ ಆ ಮನೆಯಲ್ಲಿ ಉದ್ಯೋಗ ಒಂದರಿಂದ ಮೂರಕ್ಕೆ ಏರಿದೆ! ಗಿರಣಿ ಮುಚ್ಚಿದ್ದು ಪ್ರಗತಿಯ ಲೆಕ್ಕಕ್ಕೆ ಜಮಾ ಆಯಿತು.

ಅಳತೆಯ ನಿಯಮವನ್ನೂ ತಿಳಿದಿರಿ. ಶೇ. 3.2 ಎಂಬ ಅಂಕಿಯು ವರ್ಷದ ಲೆಕ್ಕ. ವರ್ಷದ ಹೆಚ್ಚು ಕಾಲ ಕೆಲಸವಿಲ್ಲದೆ ಅಲೆದರೂ, ಒಟ್ಟು ಮೂವತ್ತು ದಿನ ಏನಾದರೂ ಕೆಲಸ ಮಾಡಿದ್ದರೆ ಅವನು ನಿರುದ್ಯೋಗಿಯಲ್ಲ. ವಾರದ ಲೆಕ್ಕ ಇನ್ನೂ ವಿಚಿತ್ರ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಸಾಕು, ಆ ವಾರ ಅವನು ಉದ್ಯೋಗಸ್ಥ. ಇದು ಅಂತರರಾಷ್ಟ್ರೀಯ ಪದ್ಧತಿ ಎಂದು ಪಂಡಿತರು ಹೇಳುತ್ತಾರೆ. ಇರಬಹುದು. ಕೆಲಸವಿಲ್ಲದವನಿಗೆ ಭತ್ಯೆ ಸಿಗುವ ದೇಶಗಳಲ್ಲಿ ಆ ಅಳತೆಗೆ ಒಂದು ಅರ್ಥವಿದೆ. ಇಲ್ಲಿ ಒಂದು ದಿನವೂ ಸುಮ್ಮನೆ ಕೂರುವ ಶಕ್ತಿ ಬಡವನಿಗಿಲ್ಲ. ಅವನು ಹೊಟ್ಟೆಪಾಡಿಗೆ ಏನನ್ನಾದರೂ ಮಾಡಲೇಬೇಕು. ಅವನ ಆ ಅಸಹಾಯಕತೆಯನ್ನೇ ಉದ್ಯೋಗವೆಂದು ಎಣಿಸುವ ಕೊಳಗ ಇದು.

ಇನ್ನು ಅದೇ ಮಂಡಕ್ಕಿ ಗಾಡಿಗೆ ಬರೋಣ. ನಗದು ಹಳೆಯ ಕಾಲದ್ದು, ಮೊಬೈಲಿನಲ್ಲಿ ಹಣ ತೆಗೆದುಕೋ ಎಂದು ಸರ್ಕಾರಗಳು, ಬ್ಯಾಂಕುಗಳು, ಕಂಪನಿಗಳು ಒಂದೇ ಕೊರಳಿನಲ್ಲಿ ಹಾಡಿದವು. ವ್ಯಾಪಾರಿ ಗಾಡಿಗೆ ಚೌಕಾಕಾರದ ಚೀಟಿ ಅಂಟಿಸಿದ. ದೇಶದಲ್ಲಿ 2024-25ರ ಒಂದೇ ವರ್ಷ ಯುಪಿಐ ಮೂಲಕ ಸುಮಾರು 261 ಲಕ್ಷ ಕೋಟಿ ರೂಪಾಯಿ ಕೈಬದಲಾಯಿತು ಎಂದು ಡಂಗುರ ಸಾರಿದರು. ಈ ಮೊತ್ತದಲ್ಲಿ ಅಪ್ಪ ಮಗನಿಗೆ ಕಳಿಸಿದ ಹಣವೂ ಇದೆ, ಗೆಳೆಯನಿಂದ ಪಡೆದ ಕೈಸಾಲವೂ ಇದೆ, ಅದನ್ನು ತೀರಿಸಿದ್ದೂ ಇದೆ. ಒಂದೇ ನೂರು ರೂಪಾಯಿ ಹತ್ತು ಕೈ ದಾಟಿದರೆ ಸಾವಿರ. ಇದು ಹಣ ಓಡಾಡಿದ ಲೆಕ್ಕವೇ ಹೊರತು ಯಾರ ಸಂಪತ್ತಿನ ಲೆಕ್ಕವೂ ಅಲ್ಲ.

ಆದರೆ 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಈ ಓಡಾಟವನ್ನೇ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕೆಂಬುದು ಕಾನೂನು. ಕಾನೂನು ಕಾನೂನೇ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಖಾತೆಗೆ ಬಂದ ಮೊತ್ತವೆಲ್ಲ ವ್ಯಾಪಾರವೆ? ತೆರಿಗೆಯೇ ಇಲ್ಲದ ತರಕಾರಿ ಮಾರಿದವನಿಗೂ ನೋಟೀಸು ಹೋದದ್ದು ಹೇಗೆ? ಯಂತ್ರಕ್ಕೆ ಹಣ ಕಾಣುತ್ತದೆ, ತಕ್ಕಡಿಯಲ್ಲಿದ್ದದ್ದು ಹೀರೇಕಾಯಿಯೋ ಬೇರೆ ಸರಕೋ ಕಾಣುವುದಿಲ್ಲ. ನೂರು ರೂಪಾಯಿ ಮಾರಿದರೆ ಕೈಗುಳಿಯುವುದು ಎಷ್ಟು ಎಂಬುದನ್ನು ಅದು ಅರಿಯದು. ಹಲವು ಅಂಗಡಿಗಳು ಮೊಬೈಲ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದವು. ಬಂದ್ ಕರೆ ಕೊಟ್ಟ ಮೇಲೆ, ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರನ್ನು ಕರೆದು ಮಾತನಾಡಿ, ನೋಂದಣಿ ಮಾಡಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದರು. ಇದರಿಂದ ಕಲಿಯಬೇಕಾದ್ದು ಇಷ್ಟು. ಯಂತ್ರದ ಲೆಕ್ಕ ದೇವರ ಲೆಕ್ಕವೇನಲ್ಲ. ಸಣ್ಣವರು ಒಟ್ಟಾಗಿ ಕೇಳಿದಾಗ ಅದನ್ನೂ ತಿದ್ದಬೇಕಾಗುತ್ತದೆ.

ತಂತ್ರಜ್ಞಾನವನ್ನು ಹೊಗಳಲು ಹೊರಟವರು ಲೆಕ್ಕ ತಪ್ಪಿದ್ದಕ್ಕೆ ಇನ್ನೊಂದು ಸಾಕ್ಷಿ ಸರ್ಕಾರದ ಪುಸ್ತಕದಲ್ಲೇ ಇದೆ. ಅಡುಗೆ ಅನಿಲದ ಸಹಾಯಧನವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿದ್ದರಿಂದ ಕಳ್ಳ ಸಂಪರ್ಕಗಳು ತೊಲಗಿ ಸಾವಿರಾರು ಕೋಟಿ ಉಳಿಯಿತು ಎಂದು ಪ್ರಚಾರ ನಡೆಯಿತು. ಮಹಾಲೇಖಪಾಲರು 2016ರಲ್ಲಿ ಕೊಟ್ಟ ವರದಿ ಏನು ಹೇಳಿತು? 2015ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸಹಾಯಧನ 23,316 ಕೋಟಿ ಕಡಿಮೆಯಾಗಿತ್ತು. ಅದರಲ್ಲಿ 21,552 ಕೋಟಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಬಿದ್ದದ್ದರಿಂದ. ಸಿಲಿಂಡರುಗಳ ಬಳಕೆ ತಗ್ಗಿದ್ದರಿಂದ ಆದದ್ದು 1,764 ಕೋಟಿ. ಮಳೆ ಸುರಿಸಿದ್ದು ಮೋಡ, ಮಾಲೆ ಹಾಕಿಸಿಕೊಂಡದ್ದು ಕಂಪ್ಯೂಟರು!

ಇದು ಇಂದಿನ ಆಳುವವರ ಹೊಸ ಕಸುಬು ಎಂದು ಯಾರೂ ತಿಳಿಯಬೇಡಿ. 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಪ್ರಧಾನಿ ನೆಹರೂ ಅವರು, ಮೂರಾಣೆಯಲ್ಲ, ಹದಿನೈದಾಣೆ ಎಂದರು. ಹದಿನೈದಾಣೆ ಎಲ್ಲಿಂದ ಬಂತು? ಕೋಟ್ಯಧೀಶನನ್ನೂ ಕೂಲಿಯವನನ್ನೂ ಒಂದೇ ರಾಶಿಗೆ ಸುರಿದು ತಲೆಗೆ ಇಷ್ಟು ಎಂದು ಹಂಚುವ ಸರಾಸರಿಯಿಂದ. ಲೋಹಿಯಾ ಅವರು ಕೆಳಗಿನ ಜನರನ್ನು ಬೇರೆಯಾಗಿ ಎಣಿಸಿ ಎಂದು ಹಟ ಹಿಡಿದರು. ಗಿರಣಿ ಮಾಲೀಕನ ವರಮಾನವನ್ನು ಕೂಲಿಗಾರನ ತಲೆಗೂ ಹಂಚಿ ಬರೆದರೆ, ಕೂಲಿಗಾರನ ಮನೆಯ ಒಲೆ ಉರಿಯುತ್ತದೆಯೆ? 2011ರಲ್ಲಿ ಬೇರೊಂದು ಸರ್ಕಾರವಿದ್ದಾಗ ಯೋಜನಾ ಆಯೋಗವು ದಿನಕ್ಕೆ ಪಟ್ಟಣದಲ್ಲಿ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ವೆಚ್ಚ ಮಾಡುವವನು ಬಡವನಲ್ಲ ಎಂಬ ಅರ್ಥದ ಪ್ರಮಾಣಪತ್ರವನ್ನು ಸುಪ್ರೀಂ ಕೋರ್ಟಿಗೆ ಕೊಟ್ಟಿತು. ಬಾವುಟದ ಬಣ್ಣ ಬದಲಾದರೂ ಕೊಳಗ ಬದಲಾಗಲಿಲ್ಲ.

ಅಪ್ಪಿತಪ್ಪಿ ಅಳತೆ ನಿಜ ಹೇಳಿಬಿಟ್ಟರೆ? ಆಗ ಅಳತೆಯನ್ನೇ ಬಚ್ಚಿಡುತ್ತಾರೆ. ಮೇಲೆ ಹೇಳಿದ 2017-18ರ ಉದ್ಯೋಗ ವರದಿಯನ್ನು ತಡೆಹಿಡಿದಾಗ, 2019ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟು ಹೊರಬಂದರು. ವರದಿ ಬೆಳಕು ಕಂಡದ್ದು ಮೇ 31ರಂದು, ಚುನಾವಣೆ ಮುಗಿದ ಮೇಲೆ. ಅದೇ ವರ್ಷ ನವೆಂಬರಿನಲ್ಲಿ ಜನರ ಖರ್ಚುವೆಚ್ಚದ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲ ಎಂದು ಹೇಳಿ ಪ್ರಕಟಿಸದೆ ಬಿಟ್ಟರು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಕೊನೆಗೆ 2027ರ ಮಾರ್ಚ್ 1ಕ್ಕೆ ಗೊತ್ತುಮಾಡಿದರು. ಪಡಿತರದ ಪಾಲನ್ನು 2011ರ ತಲೆಯೆಣಿಕೆಯ ಮೇಲೆ ಕಟ್ಟಿಟ್ಟರು. ಆಮೇಲೆ ಹುಟ್ಟಿದ ಮಗು, ಬೇರೆಯಾಗಿ ಒಲೆ ಹೂಡಿದ ಸಂಸಾರ ಆ ಎಣಿಕೆಯಲ್ಲಿ ಇಲ್ಲ. ಜನ ಹೆಚ್ಚಿದರೂ ಅಕ್ಕಿಯ ಪಾಲು ಹೆಚ್ಚಲಿಲ್ಲ. ಎಣಿಸದೆ ಬಿಡುವುದೂ ಮೋಸದ ಒಂದು ಬಗೆಯೇ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಮನೆಯ ಲೆಕ್ಕವೂ ಶುದ್ಧವಾಗಿಲ್ಲ. ನಮ್ಮ ಸಭೆಗೆ ಇನ್ನೂರು ಜನ ಬಂದರೆ ಮರುದಿನ ನಮ್ಮವರೇ ಸಾವಿರ ಎನ್ನುತ್ತಾರೆ. ಒಡೆಯನ ಕೊಳಗ ದೊಡ್ಡದು ಎಂದು ಕೂಗುವವನು ತನ್ನ ಕೊಳಗವನ್ನು ಮೊದಲು ಸರಿಮಾಡಿಕೊಳ್ಳಬೇಕು. ನಾವು ಯಂತ್ರದ ಶತ್ರುಗಳೂ ಅಲ್ಲ. ಮಗ್ಗವನ್ನೂ ಇಂಜಿನ್ನನ್ನೂ ನಡೆಸಿದ ಕೈಗಳಿಗೆ ಯಂತ್ರದ ಬೆಲೆ ಗೊತ್ತಿದೆ. ಅಂಕಿಗಳೂ ನಮಗೆ ಬೇಕು, ಇನ್ನೂ ಹೆಚ್ಚಾಗಿ ಬೇಕು. ಅಂಕಿಯಿಲ್ಲದೆ ಲೋಹಿಯಾ ಮೂರಾಣೆಯ ವಾದ ಹೂಡುತ್ತಿದ್ದರೆ? ಅಳತೆ ಎಲ್ಲರ ಕಣ್ಣಿಗೆ ಕಾಣುವಂತಿರಬೇಕು ಎಂಬುದಷ್ಟೇ ನಮ್ಮ ಹಟ.

ಆದ್ದರಿಂದ ನಾವು ಕೇಳುವುದು ಇವಿಷ್ಟು. ನಿರುದ್ಯೋಗದ ಅಂಕಿ ಹೇಳುವಾಗ ಕೂಲಿಯಿಲ್ಲದ ದುಡಿಮೆಯನ್ನು ಪ್ರತ್ಯೇಕವಾಗಿ, ಅದೇ ಸಾಲಿನಲ್ಲಿ, ಅದೇ ದಪ್ಪಕ್ಷರದಲ್ಲಿ ಹೇಳಬೇಕು. ಸಮೀಕ್ಷೆಯ ವರದಿಗೆ ಮೊದಲೇ ದಿನಾಂಕ ಗೊತ್ತುಮಾಡಬೇಕು. ಚುನಾವಣೆ ಬಂದರೂ ಅದು ತಪ್ಪಬಾರದು. ಯಂತ್ರದ ಲೆಕ್ಕ ನಂಬಿ ನೋಟೀಸು ಕಳಿಸುವ ಮುಂಚೆ ಮನುಷ್ಯನೊಬ್ಬ ಬಂದು ಅಂಗಡಿಯನ್ನು ಕಣ್ಣಾರೆ ನೋಡಬೇಕು. ಪಡಿತರದಿಂದ ಕೈಬಿಟ್ಟವರ ಪಟ್ಟಿಯನ್ನು ಗ್ರಾಮಸಭೆಯಲ್ಲೂ ವಾರ್ಡಿನಲ್ಲೂ ಗಟ್ಟಿಯಾಗಿ ಓದಬೇಕು.

ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂರುವುದು ಬೇಡ. ಪ್ರತಿಯೊಂದು ಕೇರಿಯಲ್ಲೂ ನಾಲ್ಕು ರೂಪಾಯಿಯೋ ಹತ್ತು ರೂಪಾಯಿಯೋ ಕೊಟ್ಟು ಒಂದು ನೋಟ್‌ಬುಕ್ಕು ತನ್ನಿ. ಮನೆ ಮನೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ: ಈ ವಾರ ಯಾರು ಎಷ್ಟು ದಿನ ದುಡಿದರು? ಕೈಗೆ ಎಷ್ಟು ಬಂತು? ಕೂಲಿಯಿಲ್ಲದೆ ದುಡಿದವರು ಯಾರು? ಪಡಿತರ ಚೀಟಿಯಲ್ಲಿ ಹೆಸರಿಲ್ಲದವರು ಯಾರು? ಬಂದ ಉತ್ತರವನ್ನು ಬಂದ ಹಾಗೆಯೇ ಬರೆಯಿರಿ, ಒಂದನ್ನು ಎರಡು ಮಾಡಬೇಡಿ. ಆ ಪುಸ್ತಕ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ. ನಿಮ್ಮ ಲೆಕ್ಕ ಅದು, ನಮ್ಮ ಲೆಕ್ಕ ಇದು, ಎರಡನ್ನೂ ಮೇಜಿನ ಮೇಲಿಟ್ಟು ಅಳೆಯೋಣ ಬನ್ನಿ ಎಂದು ಕರೆಯೋಣ. ಕಾಗೋಡಿನ ಗೇಣಿದಾರರು ಅಂದು ಒಡೆಯರನ್ನು ಕೇಳಿದ್ದೂ ಇಷ್ಟೇ.