ಮೀನಿನ ಯಕೃತ್ತೂ ಕೆರೆಯ ಉಷ್ಣತೆಯೂ

ಹೆಬ್ಬಾಳದ ರಸ್ತೆಗಳಲ್ಲಿ ಹಗಲಿರುಳೂ ಓಡುವ ವಾಹನಗಳ ಮಸಿಯೂ ಎಣ್ಣೆಯ ಜಿಡ್ಡೂ ಮಳೆ ಬಂದಾಗ ತಗ್ಗಿನ ನೀರನ್ನು ಸೇರದೆ ಬಿಡುವುದಿಲ್ಲ. ಅವುಗಳಲ್ಲಿರುವ ಬೆಂಜೊಪೈರೀನಿನಂಥ ವಸ್ತುಗಳು ಮೀನಿನ ಒಡಲನ್ನು ಹೊಕ್ಕರೆ ಅದರ ಯಕೃತ್ತು ಸುಮ್ಮನಿರುವುದಿಲ್ಲ. ಅವನ್ನು ಮಾರ್ಪಡಿಸಬಲ್ಲ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸತೊಡಗುತ್ತದೆ. ಈ ಕಿಣ್ವಗಳ ಕುಲಕ್ಕೆ ಸೈಟೊಕ್ರೋಮ್ ಪಿ-೪೫೦ ಎಂದು ಹೆಸರು. ಇಂಗಾಲದ ಮಾನಾಕ್ಸೈಡಿನೊಡನೆ ಕೂಡಿದಾಗ ಅವು ೪೫೦ ನ್ಯಾನೊಮೀಟರಿನ ಆಸುಪಾಸಿನ ತರಂಗದೂರದ ಬೆಳಕನ್ನು ಹೀರುವುದರಿಂದ ಬಂದ ಹೆಸರದು. ಭೌತವಿಜ್ಞಾನದ ಉಪಾಧ್ಯಾಯರಾದ ನಮಗೆ ಇದರಲ್ಲಿ ಕೊಂಚ ಹೆಮ್ಮೆಯುಂಟು! ಯಕೃತ್ತಿನಲ್ಲಿ ಈ ಕಿಣ್ವದ ಚಟುವಟಿಕೆ ಹೆಚ್ಚಿದ್ದರೆ ನೀರು ಕೆಟ್ಟಿರಬೇಕೆಂದು ಊಹಿಸುವ ಪರೀಕ್ಷೆ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಆದರೆ ನೀರಿನ ಉಷ್ಣತೆಯನ್ನು ನಮೂದಿಸದೆ ಈ ಅಂಕಿಯೊಂದನ್ನೇ ಮುಂದಿಡುವುದು ಒಪ್ಪತಕ್ಕ ಪದ್ಧತಿಯಲ್ಲವೆಂದು ನಮ್ಮ ಅಭಿಪ್ರಾಯ. ಮೀನಿನ ಮೈ ನಮ್ಮದರಂತೆ ೩೭ ಡಿಗ್ರಿಯಲ್ಲಿ ನಿಂತಿರುವುದಲ್ಲ. ನೀರು ಎಷ್ಟು ಬೆಚ್ಚಗೋ ಮೀನೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗೆ. ಉಷ್ಣತೆ ೧೦ ಡಿಗ್ರಿ ಏರಿದರೆ ಅದರೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಬೇಸಗೆಯಲ್ಲಿ ಕಾದ ಕೆರೆಯ ಮೀನು ಮಾಲಿನ್ಯಕ್ಕೆ ಬೇಗ ಉತ್ತರ ಕೊಡುತ್ತದೆ. ಚಳಿಯಲ್ಲಿ ಅದೇ ಉತ್ತರ ತಡವಾಗಿ ಬರುತ್ತದೆ. ಅಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಕೆಲವು ಜಾತಿಯ ಮೀನುಗಳು ತಣ್ಣೀರಿಗೆ ಒಗ್ಗಿದಾಗ, ವೇಗದ ಕೊರತೆಯನ್ನು ತುಂಬುವಂತೆ ಕಿಣ್ವದ ಪ್ರಮಾಣವನ್ನೇ ಹೆಚ್ಚಿಸಿಕೊಳ್ಳುತ್ತವೆ. ಹೀಗಿರುವಾಗ ಡಿಸೆಂಬರಿನಲ್ಲಿ ಯಲಹಂಕದ ಕೆರೆಯಿಂದ ತಂದ ಮೀನನ್ನೂ ಏಪ್ರಿಲಿನಲ್ಲಿ ಹೆಬ್ಬಾಳದ ಕೆರೆಯಿಂದ ತಂದ ಮೀನನ್ನೂ ಹೋಲಿಸಿ ತೀರ್ಪು ಕೊಡಹೊರಟರೆ, ನಾವು ಅಳೆದದ್ದು ಮಾಲಿನ್ಯವನ್ನೋ ಋತುವನ್ನೋ ಹೇಳುವವರಾರು? ನಿರ್ಮಲವಾದ ಕೆರೆಗೆ ಕೆಟ್ಟ ಹೆಸರು ಬಂದೀತು. ಕೊಳಕು ಕೆರೆ ಪಾರಾದೀತು.

೨೦೧೬ರ ಮಾರ್ಚಿನಲ್ಲಿ ನಮ್ಮ ಊರಿನದೇ ಆದ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂಥ ಸಂದರ್ಭಗಳಲ್ಲಿ ‘ಕಾರಣ ಕೊಳಚೆಯೋ ಬಿಸಿಲೋ?’ ಎಂದು ಕೇಳುವುದು ರೂಢಿ. ಎರಡನ್ನೂ ಹೀಗೆ ಬೇರೆ ಮಾಡುವುದೇ ತಪ್ಪು. ಸಮುದ್ರಮಟ್ಟದ ಒತ್ತಡದಲ್ಲಿ ೨೦ ಡಿಗ್ರಿಯ ಶುದ್ಧ ನೀರು ಲೀಟರಿಗೆ ೯.೧ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ೩೦ ಡಿಗ್ರಿಯಲ್ಲಿ ಸುಮಾರು ೭.೬ ಮಾತ್ರ. ಎತ್ತರದ ಬೆಂಗಳೂರಿನಲ್ಲಿ ಇನ್ನೂ ಕಡಿಮೆ. ನೀರು ಕಾದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತ ಹೋಗುತ್ತದೆ. ಕೊಳಚೆಯನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳೂ ಅದಕ್ಕೇ ಕೈಚಾಚುತ್ತವೆ. ಪಿ-೪೫೦ ಕಿಣ್ವ ತನ್ನ ಕೆಲಸ ನಡೆಸುವುದಕ್ಕೂ ಆಮ್ಲಜನಕವೇ ಬೇಕು!

ಯಕೃತ್ತಿನ ಪರೀಕ್ಷೆಗೆ ಸುಸಜ್ಜಿತ ಪ್ರಯೋಗಶಾಲೆ ಬೇಕು; ಉಷ್ಣತೆ ನೋಡುವುದಕ್ಕೆ ಬೇಡ. ನಮ್ಮ ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ಆಳಕ್ಕೆ ಉಷ್ಣತಾಮಾಪಕವನ್ನು ಇಳಿಸಿ, ದಿನಾಂಕದೊಡನೆ ಬರೆದಿಡಲಿ. ಮುಂದೆ ಮೀನು ಹಿಡಿಯಲು ಬರುವ ಜೀವವಿಜ್ಞಾನಿ ಮೊದಲು ಕೇಳಬೇಕಾದದ್ದು ಆ ಪುಸ್ತಕವನ್ನೇ.