ಗುಂಡ್ಲುಪೇಟೆಯ ಹೂವಿನ ಹೊಲ: ನಿಮ್ಮ ಸ್ಕ್ರೀನ್ ತೋರಿಸುವ ಬಣ್ಣ ನಿಜವೇ?

ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡು ಹೂ ಅರಳಿದರೆ ಸಾಕು, ಮೈಸೂರು-ಊಟಿ ರಸ್ತೆ ಬದಿಯ ಗುಂಡ್ಲುಪೇಟೆ ಹೊಲಗಳ ಫೋಟೊಗಳು ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಹಿಂದೆಯೇ ವಾದ ಶುರು. ‘ಇದಕ್ಕೆ ಫಿಲ್ಟರ್ ಹಾಕಿದ್ದಾರೆ, ಇಷ್ಟು ಹಳದಿ ಎಲ್ಲಿರುತ್ತೆ?’ ಎಂದು ಒಬ್ಬರು. ‘ನನ್ನ ಫೋನಿನಲ್ಲಿ ಸರಿಯಾಗೇ ಕಾಣ್ತಿದೆಯಲ್ಲ’ ಎಂದು ಇನ್ನೊಬ್ಬರು. ಇಬ್ಬರ ಮಾತೂ ನಿಜವಿರಬಹುದು. ಏಕೆಂದರೆ ಅವರು ನೋಡುತ್ತಿರುವ ಸ್ಕ್ರೀನ್‌ಗಳು ಬೇರೆ ಬೇರೆ.

ಒಂದೇ ಫೋಟೊ, ಬಣ್ಣ ಮಾತ್ರ ಬೇರೆ. ಏಕೆ?

ಫೋಟೊ ಫೈಲಿನ ಒಳಗಿರುವುದು ಬರೀ ಅಂಕಿಗಳು. ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ, ಸಾಮಾನ್ಯವಾಗಿ 0ಯಿಂದ 255ರವರೆಗಿನ ಮೂರು ಸಂಖ್ಯೆಗಳು. ಈ ಅಂಕಿಗಳನ್ನು ಯಾವ ಬಣ್ಣವಾಗಿ ತೋರಿಸಬೇಕು ಎನ್ನುವುದಕ್ಕೆ ಎಸ್‌ಆರ್‌ಜಿಬಿ ಎಂಬ ಮಾನದಂಡವಿದೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಮುಂದಿಟ್ಟ ಇದು, 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು.

ಆದರೆ ಎಲ್ಲ ಸ್ಕ್ರೀನ್‌ಗಳೂ ಇದನ್ನು ಹಾಗೆಯೇ ಪಾಲಿಸುವುದಿಲ್ಲ. ಹಲವು ಫೋನ್‌ಗಳಲ್ಲಿ ‘ವಿವಿಡ್’ ಎಂಬ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಹಳದಿ, ಹಸಿರು ಎಲ್ಲವೂ ಇದ್ದುದಕ್ಕಿಂತ ಗಾಢ. ‘ನೈಟ್ ಲೈಟ್’ ಆನ್ ಆಗಿದ್ದರೆ ನೀಲಿ ಕಡಿಮೆಯಾಗಿ ಬಿಳಿಯೂ ಹಳದಿಯಾಗುತ್ತದೆ. ಬಿಸಿಲಿನಲ್ಲಿ ನಿಂತು ನೋಡಿದರೆ ಬಣ್ಣ ಪೇಲವ. ಹಳೆಯ ಮಾನಿಟರ್‌ಗಳ ಬೆಳಕು ವರ್ಷ ಕಳೆದಂತೆ ಮಂಕಾಗುತ್ತದೆ.

ನಂಬಿಕೆ ಬರದಿದ್ದರೆ ಮನೆಯ ಮೂರು ಫೋನ್‌ಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಫೋಟೊ ತೆರೆದು ನೋಡಿ.

ಸರಿಪಡಿಸುವುದು ಹೇಗೆ?

ಸ್ಕ್ರೀನನ್ನು ಮಾನದಂಡಕ್ಕೆ ಹೊಂದಿಸುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ತಕ್ಕಡಿಯನ್ನು ಆಗಾಗ ಪರೀಕ್ಷಿಸಿದ ಹಾಗೆ.

• ಫೋನಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ನ್ಯಾಚುರಲ್’ ಆಯ್ಕೆ ಇದ್ದರೆ ಅದನ್ನು ಆರಿಸಿ, ‘ನೈಟ್ ಲೈಟ್’ ಆಫ್ ಮಾಡಿ.
• ಕಂಪ್ಯೂಟರ್ ಆದರೆ ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಕಿಟಕಿಯ ಬಿಸಿಲು ಸ್ಕ್ರೀನ್ ಮೇಲೆ ಬೀಳದಿರಲಿ.
• ವಿಂಡೋಸ್‌ನ ಸರ್ಚ್‌ನಲ್ಲಿ ‘ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್’ ಎಂದು ಹುಡುಕಿ. ಅದು ಕೇಳಿದಂತೆ ಗಾಮಾ, ಬ್ರೈಟ್‌ನೆಸ್, ಕಾಂಟ್ರಾಸ್ಟ್ ಹೊಂದಿಸಿ. ಬೂದು ಪಟ್ಟಿಯಲ್ಲಿ ಯಾವುದೇ ಬಣ್ಣದ ಛಾಯೆ ಕಾಣಬಾರದು.

ಕಣ್ಣಳತೆಯಲ್ಲಿ ಮಾಡುವ ಈ ಕೆಲಸ ಮನೆ ಬಳಕೆಗೆ ಸಾಕು. ಮದುವೆ ಆಲ್ಬಂ, ಫ್ಲೆಕ್ಸ್ ಮಾಡುವವರಿಗೆ ಸಾಲದು. ಅವರು ಸ್ಕ್ರೀನಿನ ಮೇಲಿಟ್ಟು ಬಣ್ಣ ಅಳೆಯುವ ಕಲರಿಮೀಟರ್ ಎಂಬ ಉಪಕರಣ ಬಳಸಬೇಕು. ಅಷ್ಟಾದರೂ ಪ್ರಿಂಟ್ ಸ್ವಲ್ಪ ಬೇರೆಯಾಗಿಯೇ ಕಾಣಬಹುದು. ಸ್ಕ್ರೀನ್ ಬಣ್ಣ ಮೂಡಿಸುವುದು ಬೆಳಕಿನಿಂದ, ಪ್ರಿಂಟರ್ ಶಾಯಿಯಿಂದ.

ಹಾಗಾದರೆ ಸ್ಕ್ರೀನ್ ನೋಡಿ ಅರಿಶಿನ ಪರೀಕ್ಷಿಸಬಹುದೇ?

ಇಲ್ಲ. ಎಚ್ಚರ ಬೇಕಿರುವುದು ಇಲ್ಲಿಯೇ. ಸರಿಪಡಿಸಿದ ಸ್ಕ್ರೀನ್ ಫೈಲಿನಲ್ಲಿರುವ ಬಣ್ಣವನ್ನು ಸರಿಯಾಗಿ ತೋರಿಸುತ್ತದೆ, ಅಷ್ಟೆ. ಫೋಟೊ ತೆಗೆಯುವಾಗಲೇ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸಿದ್ದರೆ, ಆಮೇಲೆ ಯಾರೋ ಎಡಿಟ್ ಮಾಡಿದ್ದರೆ, ಅದನ್ನು ಯಾವ ಸ್ಕ್ರೀನೂ ವಾಪಸ್ ತರಲಾರದು.

ಚಾಮರಾಜನಗರ ಜಿಲ್ಲೆ ಅರಿಶಿನ ಬೆಳೆಯುವ ನಾಡು. ‘ಎಡಗಡೆಯದು ಅಸಲಿ, ಬಲಗಡೆಯದು ಕಲಬೆರಕೆ’ ಎಂದು ಎರಡು ಪುಡಿಗಳ ಫೋಟೊ ಬಂದರೆ ಅದನ್ನು ನಂಬಿ ಫಾರ್ವರ್ಡ್ ಮಾಡಬೇಡಿ. ಅರಿಶಿನಕ್ಕೆ ಹೊಳಪು ಕೊಡಲು ಬೆರೆಸುವ ಲೆಡ್ ಕ್ರೋಮೇಟ್‌ನಲ್ಲಿ ಸೀಸವಿರುತ್ತದೆ, ಅದು ವಿಷ. ಅದು ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬೇಕಾದದ್ದು ಪ್ರಯೋಗಾಲಯ. ತಪ್ಪು ಫೋಟೊದಿಂದ ಒಳ್ಳೆಯ ಬೆಳೆಗಾರನ ಮಾಲಿಗೆ ಕೆಟ್ಟ ಹೆಸರು ಬರಬಹುದು, ವಿಷ ಬೆರೆತ ಪುಡಿ ‘ಅಸಲಿ’ ಎಂದು ಅಡುಗೆಮನೆ ಸೇರಲೂಬಹುದು.

ಹಸುಗೂಸಿನ ಕಾಮಾಲೆಯೂ ಹಾಗೆಯೇ. ಮಗುವಿನ ಕಣ್ಣು, ಮೈ ಹಳದಿ ಅನಿಸಿದರೆ ಫೋಟೊ ಕಳಿಸಿ ಗುಂಪಿನಲ್ಲಿ ಅಭಿಪ್ರಾಯ ಕೇಳುತ್ತಾ ಕೂರಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ.

ಕೊನೆಯ ಮಾತು: ಹೂವಿನ ಹೊಲದ ಹಳದಿ ಹೆಚ್ಚೋ ಕಡಿಮೆಯೋ ಎಂದು ಎಷ್ಟು ಬೇಕಾದರೂ ವಾದ ಮಾಡಿ, ನಷ್ಟವಿಲ್ಲ. ಆದರೆ ಆಹಾರ, ಆರೋಗ್ಯದ ವಿಷಯದಲ್ಲಿ ಬಣ್ಣವನ್ನೇ ಸಾಕ್ಷಿಯಾಗಿ ತೋರಿಸುವ ಫಾರ್ವರ್ಡ್ ಬಂದರೆ, ಅದನ್ನು ನಿಮ್ಮಲ್ಲೇ ನಿಲ್ಲಿಸಿ.